ಕಾಳು, ಜೊಳ್ಳು ಮತ್ತು ಕಾಣ್ಕೆ: ವೈದ್ಯಕೀಯ ಬಿಂಬಗಳಲ್ಲಿ ಸಂಕೇತ-ಗದ್ದಲ ಅನುಪಾತದ ಚರಿತ್ರೆ

1. ಪ್ರವೇಶ

ಕಾಳು ಮತ್ತು ಜೊಳ್ಳನ್ನು ಬೇರ್ಪಡಿಸುವ ಕ್ರಿಯೆಯನ್ನು ವಿವೇಕದ ರೂಪಕವಾಗಿ ಬಳಸುವುದು ಕೃಷಿಮೂಲ ಸಮಾಜಗಳ ಸಾಮಾನ್ಯ ಲಕ್ಷಣ. ತೂರುವುದು, ಕೇರುವುದು, ಜರಡಿ ಹಿಡಿಯುವುದು ಎಂಬ ಮೂರು ಬೇರೆ ಬೇರೆ ಕ್ರಿಯೆಗಳಿಗೆ ಕನ್ನಡದಲ್ಲಿ ಮೂರು ಬೇರೆ ಬೇರೆ ಪದಗಳಿರುವುದು ಈ ವಿವೇಕದ ಸೂಕ್ಷ್ಮತೆಗೆ ಸಾಕ್ಷಿಯಾಗಿದೆ. ಇಪ್ಪತ್ತನೆಯ ಶತಮಾನದ ವಿಜ್ಞಾನವು ರೂಪಿಸಿಕೊಂಡ ‘ಸಿಗ್ನಲ್-ಟು-ನಾಯ್ಸ್ ರೇಶಿಯೋ’ ಎಂಬ ಪರಿಕಲ್ಪನೆಯು ಮೇಲ್ನೋಟಕ್ಕೆ ಇದೇ ವಿವೇಕದ ಗಣಿತರೂಪವೆಂದು ತೋರುತ್ತದೆ. ತಂತಿ, ದೂರವಾಣಿ ಮತ್ತು ರೇಡಿಯೋ ತಂತ್ರಜ್ಞಾನದ ಪರಿಸರದಲ್ಲಿ ಬೆಳೆದ ಈ ಪದವನ್ನು ಕನ್ನಡದಲ್ಲಿ ‘ಸಂಕೇತ-ಗದ್ದಲ ಅನುಪಾತ’ ಎಂದು ಕರೆಯಬಹುದು. ತಿಳಿಯಬೇಕಾದುದು ಸಂಕೇತ, ಅದನ್ನು ಮಸುಕಾಗಿಸುವ ಗೊತ್ತುಗುರಿಯಿಲ್ಲದ ಏರಿಳಿತವು ಗದ್ದಲ.

ಆದರೆ ಕಣದ ರೂಪಕ ಇಲ್ಲಿ ಪೂರ್ತಿಯಾಗಿ ಹೊಂದುವುದಿಲ್ಲ. ಜೊಳ್ಳು ಕಾಳಿಗಿಂತ ಬೇರೆಯಾದ, ಹಗುರವಾದ ವಸ್ತು. ಗಾಳಿ ಅದನ್ನು ಒಯ್ಯಬಲ್ಲದು. ಬಿಂಬಗಳ ಜಗತ್ತಿನಲ್ಲಿ ಗದ್ದಲದ ಒಂದು ಮುಖ್ಯ ಭಾಗ ಬೆಳಕಿನೊಳಗೇ ಹುಟ್ಟುತ್ತದೆ. ಅದನ್ನು ತೂರಿ ಹಾಕಲಾಗದು. ಹೆಚ್ಚು ಕಾಳನ್ನು ತಂದು ಸುರಿದು ಅದರ ಪ್ರಭಾವವನ್ನು ಕುಗ್ಗಿಸಬಹುದು, ಅಷ್ಟೆ. ವೈದ್ಯಕೀಯದಲ್ಲಿ ಹಾಗೆ ತಂದು ಸುರಿಯುವ ಕಾಳು ರೋಗಿಯ ದೇಹದ ಮೂಲಕ ಹಾದುಹೋಗುವ ವಿಕಿರಣವಾಗಿರುತ್ತದೆ. ಆದ್ದರಿಂದ ಈ ಅನುಪಾತದ ಚರಿತ್ರೆಯನ್ನು ಉಪಕರಣಗಳ ಸುಧಾರಣೆಯ ಚರಿತ್ರೆಯಾಗಿ ಮಾತ್ರ ಓದಿದರೆ ಸಾಲದು. ಸ್ಪಷ್ಟತೆಗೆ ಒಂದು ಬೆಲೆಯುಂಟು; ಆ ಬೆಲೆಯನ್ನು ಯಾರು ತೆತ್ತರು, ಎಷ್ಟು ತೆರಬೇಕೆಂಬುದನ್ನು ಯಾರು ನಿರ್ಧರಿಸಿದರು ಎಂಬ ಪ್ರಶ್ನೆಗಳ ನೆಲೆಯಲ್ಲಿ ಅದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಕತ್ತಲಕೋಣೆಯ ಕಾಲ

ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿ 1895ರ ನವೆಂಬರ್ 8ರಂದು ವಿಲ್ಹೆಲ್ಮ್ ರಾಂಟ್ಜನ್ ಗುರುತಿಸಿದ ಅಪರಿಚಿತ ಕಿರಣಗಳು ಕ್ಷ-ಕಿರಣಗಳೆಂದು ಹೆಸರಾದವು. ಅದೇ ಡಿಸೆಂಬರ್ 22ರಂದು ಆತ ತನ್ನ ಪತ್ನಿ ಆನ್ನಾ ಬರ್ಥಾಳ ಕೈಯ ಬಿಂಬವನ್ನು ಫಲಕದ ಮೇಲೆ ಮೂಡಿಸಿದ. ಅದಕ್ಕಾಗಿ ಆಕೆ ಸುಮಾರು 15 ನಿಮಿಷಗಳ ಕಾಲ ಕೈಯನ್ನು ಅಲುಗಿಸದೆ ಇಟ್ಟುಕೊಳ್ಳಬೇಕಾಯಿತೆಂದು ಹೇಳಲಾಗುತ್ತದೆ. ಮೂಳೆಗಳೂ ಬೆರಳಿನ ಉಂಗುರವೂ ಕಾಣುವ ಆ ಬಿಂಬ ಜಗತ್ಪ್ರಸಿದ್ಧವಾಯಿತು. ಸ್ಪಷ್ಟತೆಯು ಕಾಲ ಮತ್ತು ಕಿರಣ ಎರಡನ್ನೂ ಬೇಡುತ್ತದೆಂಬುದು ಆ ಮೊದಲ ದಿನಗಳಲ್ಲೇ ಅನುಭವಕ್ಕೆ ಬಂದಿತ್ತು. ಆ ಬೇಡಿಕೆಗೆ ಮಿತಿಯಿರಬೇಕೆಂಬುದು ಮಾತ್ರ ಇನ್ನೂ ತಿಳಿದಿರಲಿಲ್ಲ.

ಅಮೆರಿಕದಲ್ಲಿ ಥಾಮಸ್ ಎಡಿಸನ್ 1896ರಲ್ಲಿ ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಲೇಪಿತ ಪರದೆಯ ಮೇಲೆ ನೇರವಾಗಿ ಬಿಂಬವನ್ನು ನೋಡುವ ಫ್ಲೋರೋಸ್ಕೋಪನ್ನು ರೂಪಿಸಿದ. ಅವನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಪ್ರಯೋಗಗಳಿಗಾಗಿ ತನ್ನ ಕೈಗಳನ್ನೇ ಮತ್ತೆ ಮತ್ತೆ ಕಿರಣಗಳಿಗೆ ಒಡ್ಡಿದ. ಹುಣ್ಣುಗಳು ಅರ್ಬುದವಾಗಿ, ಅಂಗಚ್ಛೇದನವಾಗಿಯೂ ಉಳಿಯದೆ ಆತ 1904ರಲ್ಲಿ ಮರಣಹೊಂದಿದ. ಇದರಿಂದ ವಿಚಲಿತನಾದ ಎಡಿಸನ್ ಕ್ಷ-ಕಿರಣಗಳ ಕೆಲಸವನ್ನು ಕೈಬಿಟ್ಟ. ಕ್ಷ-ಕಿರಣಗಳಿಗೆ ಬಲಿಯಾದ ವೈದ್ಯರು, ತಂತ್ರಜ್ಞರು ಮತ್ತು ದಾದಿಯರ ನೆನಪಿಗಾಗಿ ಹ್ಯಾಂಬುರ್ಗ್‌ನ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ 1936ರಲ್ಲಿ ಸ್ಮಾರಕವೊಂದು ನಿಂತಾಗ ಅದರ ಮೇಲೆ 150ಕ್ಕೂ ಹೆಚ್ಚು ಹೆಸರುಗಳಿದ್ದವು. ನಮ್ಮ ನೆಲದ ವೀರಗಲ್ಲುಗಳನ್ನು ಬಲ್ಲವರಿಗೆ ಈ ಕಲ್ಲಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಕಾಲದ ಇನ್ನೊಂದು ಘಟನೆ ನೋಟದ ಬೇರೊಂದು ಅಪಾಯವನ್ನು ತೋರಿಸಿತು. ಫ್ರಾನ್ಸಿನ ನಾನ್ಸಿ ನಗರದ ಭೌತವಿಜ್ಞಾನಿ ರೆನೆ ಬ್ಲಾಂಡ್ಲೊ 1903ರಲ್ಲಿ ‘ಎನ್-ಕಿರಣ’ಗಳೆಂಬ ಹೊಸ ಕಿರಣಗಳನ್ನು ಕಂಡುಹಿಡಿದಿರುವುದಾಗಿ ಪ್ರಕಟಿಸಿದ. ಕತ್ತಲಲ್ಲಿ ಮಂದವಾದ ಕಿಡಿಯೊಂದರ ಹೊಳಪು ಅತ್ಯಲ್ಪವಾಗಿ ಹೆಚ್ಚುವುದೇ ಅವುಗಳ ಇರವಿಗೆ ಪುರಾವೆಯಾಗಿತ್ತು. ಅನೇಕ ವಿಜ್ಞಾನಿಗಳು ತಾವೂ ಕಂಡೆವೆಂದರು. 1904ರಲ್ಲಿ ಪ್ರಯೋಗಾಲಯಕ್ಕೆ ಭೇಟಿಕೊಟ್ಟ ಅಮೆರಿಕದ ರಾಬರ್ಟ್ ವುಡ್, ಕತ್ತಲಲ್ಲಿ ಯಾರಿಗೂ ತಿಳಿಯದಂತೆ ಉಪಕರಣದ ಪಟ್ಟಕವನ್ನು ತೆಗೆದಿಟ್ಟ. ಆಮೇಲೂ ನೋಡುಗರು ಮೊದಲಿನ ಅಳತೆಗಳನ್ನೇ ಹೇಳಿದರು. ಎನ್-ಕಿರಣಗಳು ಇರಲೇ ಇಲ್ಲ. ಬ್ಲಾಂಡ್ಲೊ ವಂಚಕನಾಗಿರಲಿಲ್ಲ, ನಿರೀಕ್ಷೆಯ ಕಣ್ಣು ಗದ್ದಲದೊಳಗೆ ಸಂಕೇತವನ್ನು ಕೆತ್ತಿಕೊಂಡಿತ್ತು. ಸಂಕೇತವು ದುರ್ಬಲವಾದಷ್ಟೂ ನೋಡುವವನ ನಂಬಿಕೆ ಪ್ರಬಲವಾಗುತ್ತದೆಂಬ ಈ ಪಾಠವು ವೈದ್ಯಕೀಯ ಬಿಂಬಗಳಿಗೂ ಅನ್ವಯಿಸುತ್ತದೆ.

3. ಬೆಳಕಿನೊಳಗಿನ ಕಾಳು

ಬೆಳಕು ಹರಿಯುವ ನೀರಿನಂತೆ ಅಖಂಡವಲ್ಲ, ಬಿಡಿ ಬಿಡಿ ಕಣಗಳಾಗಿಯೂ ವರ್ತಿಸುತ್ತದೆಂದು ಆಲ್ಬರ್ಟ್ ಐನ್‌ಸ್ಟೈನ್ 1905ರಲ್ಲಿ ಪ್ರತಿಪಾದಿಸಿದ. 1918ರಲ್ಲಿ ವಾಲ್ಟರ್ ಶಾಟ್ಕಿ, ವಿದ್ಯುತ್ ಪ್ರವಾಹವೂ ಬಿಡಿ ಎಲೆಕ್ಟ್ರಾನುಗಳಿಂದಾದುದರಿಂದ ಅದರಲ್ಲಿ ತಪ್ಪಿಸಲಾಗದ ಏರಿಳಿತವೊಂದು ಇದ್ದೇ ಇರುತ್ತದೆಂದು ತೋರಿಸಿದ. ಬಂದೂಕಿನ ಚಿಕ್ಕ ಸೀಸದ ಗುಂಡುಗಳ ಸುರಿತಕ್ಕೆ ಇದನ್ನು ಹೋಲಿಸಲಾಯಿತು. ಈ ಎರಡು ವಿಚಾರಗಳು ಕೂಡಿದಾಗ ಬಿಂಬದ ಸ್ವರೂಪವೇ ಬದಲಾಗುತ್ತದೆ.

ಒಣಗಿದ ಅಂಗಳದ ಮೇಲೆ ಬೀಳುವ ಮಳೆಯ ಮೊದಲ ಹನಿಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮಳೆ ಎಲ್ಲೆಡೆ ಒಂದೇ ಸಮನಾಗಿ ಬರುತ್ತಿದ್ದರೂ ಮೊದಲ ಕ್ಷಣಗಳಲ್ಲಿ ಒಂದೆಡೆ ಹನಿಗಳು ಗುಂಪಾಗಿ, ಇನ್ನೊಂದೆಡೆ ವಿರಳವಾಗಿ ಬಿದ್ದಿರುತ್ತವೆ. ಆ ಗುಂಪುಗಳಿಗೆ ಅರ್ಥವಿಲ್ಲ, ಅವು ಆಕಸ್ಮಿಕ. ಅಂಗಳದ ಮೇಲೆ ಚಾಚಿದ ಕೊಂಬೆಯೊಂದು ಸ್ವಲ್ಪ ಮಳೆಯನ್ನು ತಡೆಯುತ್ತಿದ್ದರೆ, ಅದರ ನೆರಳು ಹನಿಗಳು ಸಾಕಷ್ಟು ಬಿದ್ದ ಮೇಲಷ್ಟೇ ತಿಳಿಯುತ್ತದೆ. ಕ್ಷ-ಕಿರಣದ ಚಿತ್ರದಲ್ಲಿ ಫೋಟಾನುಗಳೇ ಹನಿಗಳು, ಗಡ್ಡೆಯೇ ಕೊಂಬೆ. ಲೆಕ್ಕದ ನಿಯಮ ಸರಳವಾಗಿದೆ: ಒಂದು ಜಾಗದಲ್ಲಿ ಸರಾಸರಿ 100 ಫೋಟಾನುಗಳು ಬಿದ್ದರೆ ಆಕಸ್ಮಿಕ ಏರಿಳಿತ ಅದರ ವರ್ಗಮೂಲದಷ್ಟು, ಅಂದರೆ ಸುಮಾರು 10, ಇದು ಶೇಕಡಾ 10. 10,000 ಫೋಟಾನುಗಳು ಬಿದ್ದರೆ ಏರಿಳಿತ ಸುಮಾರು 100. ಇದು ಶೇಕಡಾ 1. ಗದ್ದಲವನ್ನು ಅರ್ಧಕ್ಕಿಳಿಸಬೇಕಾದರೆ ಫೋಟಾನುಗಳನ್ನು ಇಮ್ಮಡಿಸಿದರೆ ಸಾಲದು, ನಾಲ್ಮಡಿಸಬೇಕು. ವೈದ್ಯಕೀಯ ಬಿಂಬಗಳ ನೈತಿಕ ಸಮಸ್ಯೆಯೆಲ್ಲ ಈ ನಾಲ್ಮಡಿಯ ನಿಯಮದಲ್ಲಿ ಅಡಗಿದೆ.

ಈ ನಿಯಮ ವೈದ್ಯರ ಅರಿವಿಗೆ ಬಂದುದು ನಿಧಾನವಾಗಿ. ಫ್ಲೋರೋಸ್ಕೋಪಿಯ ಪರದೆ ಎಷ್ಟು ಮಂದವಾಗಿತ್ತೆಂದರೆ ವೈದ್ಯರು ಪರೀಕ್ಷೆಗೆ ಮುನ್ನ ಬಹಳ ಹೊತ್ತು ಕೆಂಪು ಕನ್ನಡಕ ಧರಿಸಿ ಕಣ್ಣನ್ನು ಕತ್ತಲೆಗೆ ಒಗ್ಗಿಸಿಕೊಳ್ಳಬೇಕಾಗಿತ್ತು. ಅಷ್ಟು ಮಂದ ಬೆಳಕಿನಲ್ಲಿ ಕಣ್ಣು ಸೂಕ್ಷ್ಮ ವಿವರಗಳನ್ನು ಗ್ರಹಿಸಲಾರದೆಂದು ಎಡ್ವರ್ಡ್ ಚೇಂಬರ್ಲೇನ್ 1942ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ವಿಶದಪಡಿಸಿದ. ಪರದೆಯ ಹೊಳಪನ್ನು ಹೆಚ್ಚಿಸಿದರೆ ಸಾಕೆಂಬ ಭಾವನೆ ಸಹಜವಾಗಿ ಬೆಳೆಯಿತು. 1948ರ ವೇಳೆಗೆ ವೆಸ್ಟಿಂಗ್‌ಹೌಸ್ ಸಂಸ್ಥೆಯ ಜಾನ್ ಕೋಲ್ಟ್‌ಮನ್ ಬಿಂಬವರ್ಧಕ ನಳಿಕೆಯನ್ನೂ ರೂಪಿಸಿದ. ಆದರೆ 1949ರಲ್ಲಿ ಸ್ಟರ್ಮ್ ಮತ್ತು ಮಾರ್ಗನ್ ಎಂಬ ಸಂಶೋಧಕರು ಇದರ ಮಿತಿಯನ್ನು ನಿರೂಪಿಸಿದರು. ದೇಹವನ್ನು ದಾಟಿ ಬಂದ ಕ್ಷ-ಕಿರಣ ಕಣಗಳೇ ವಿರಳವಾಗಿದ್ದರೆ ಹೊಳಪು ಎಷ್ಟು ಹೆಚ್ಚಿದರೂ ಹೊಸ ಮಾಹಿತಿ ಹುಟ್ಟುವುದಿಲ್ಲ. ಸಂಕೇತದೊಡನೆ ಗದ್ದಲವೂ ಅಷ್ಟೇ ಉಜ್ವಲವಾಗುತ್ತದೆ.

ಈ ಚಿಂತನೆಗೆ ಗಟ್ಟಿಯಾದ ತಳಹದಿ ಹಾಕಿದವನು ದೂರದರ್ಶನ ಕ್ಯಾಮರಾ ನಳಿಕೆಗಳ ಮೇಲೆ ಆರ್‌ಸಿಎ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಆಲ್ಬರ್ಟ್ ರೋಸ್. 1946 ಮತ್ತು 1948ರ ಪ್ರಬಂಧಗಳಲ್ಲಿ ಆತ ಛಾಯಾಚಿತ್ರ ಫಿಲ್ಮು, ದೂರದರ್ಶನ ನಳಿಕೆ ಮತ್ತು ಮನುಷ್ಯನ ಕಣ್ಣು ಈ ಮೂರನ್ನೂ ಫೋಟಾನುಗಳನ್ನು ಎಣಿಸುವ ಸಾಧನಗಳೆಂಬ ಒಂದೇ ಮಾನದಂಡದಿಂದ ಅಳೆದ. ಒಂದು ವಿವರವನ್ನು ನಂಬಿಕೆಯಿಂದ ಗುರುತಿಸಬೇಕಾದರೆ ಅದಕ್ಕೂ ಹಿನ್ನೆಲೆಗೂ ಇರುವ ವ್ಯತ್ಯಾಸವು ಗದ್ದಲದ ಸುಮಾರು 5 ಪಟ್ಟಾದರೂ ಇರಬೇಕೆಂಬುದು ಆತನ ನಿರ್ಣಯ. ಒಂದೇ ಭಾವಚಿತ್ರವನ್ನು ಸುಮಾರು 3,000 ಫೋಟಾನುಗಳಿಂದ ಆರಂಭಿಸಿ 2.8 ಕೋಟಿ ಫೋಟಾನುಗಳವರೆಗೆ ಆರು ಹಂತಗಳಲ್ಲಿ ಆತ ತೋರಿಸಿದ. ಮೊದಲ ಹಂತದಲ್ಲಿ ಚೆದುರಿದ ಚುಕ್ಕೆಗಳು; ಕೊನೆಯಲ್ಲಿ ಪೂರ್ಣ ಮುಖ. ಕಾಣುವುದೆಂದರೆ ಎಣಿಸುವುದೆಂಬ ಸತ್ಯವನ್ನು ಈ ಚಿತ್ರಮಾಲೆ ಮಾತಿಲ್ಲದೆ ಹೇಳಿತು.

4. ಓದುಗನೊಳಗಿನ ಗದ್ದಲ

ಬಿಂಬದ ಗದ್ದಲ ಫಲಕದಲ್ಲಿ ಮುಗಿಯುವುದಿಲ್ಲ. ಕ್ಷಯರೋಗ ಪತ್ತೆಗೆ ಯಾವ ಬಗೆಯ ಫಿಲ್ಮು ಉತ್ತಮವೆಂದು ತಿಳಿಯಲು ಅಮೆರಿಕದಲ್ಲಿ ನಡೆದು 1947ರಲ್ಲಿ ಪ್ರಕಟವಾದ ಅಧ್ಯಯನವೊಂದು ಅನಿರೀಕ್ಷಿತ ಫಲಿತಾಂಶವನ್ನು ನೀಡಿತು. ಫಿಲ್ಮುಗಳ ನಡುವಿನ ವ್ಯತ್ಯಾಸಕ್ಕಿಂತ ಅವನ್ನು ಓದಿದ ಐವರು ತಜ್ಞರ ನಡುವಿನ ವ್ಯತ್ಯಾಸವೇ ದೊಡ್ಡದಾಗಿತ್ತು. ಒಬ್ಬನೇ ತಜ್ಞ ಅದೇ ಫಿಲ್ಮನ್ನು ಎರಡನೆಯ ಬಾರಿ ಓದಿದಾಗ ತನ್ನ ಮೊದಲ ಅಭಿಪ್ರಾಯಕ್ಕೇ ವಿರುದ್ಧವಾದ ನಿರ್ಣಯ ಕೊಟ್ಟ ಪ್ರಸಂಗಗಳೂ ಕಡಿಮೆಯಿರಲಿಲ್ಲ. ಒಂದೇ ಪಠ್ಯಕ್ಕೆ ಓದಿನಿಂದ ಓದಿಗೆ ಪಾಠಾಂತರಗಳು ಹುಟ್ಟುವುದು ಮೌಖಿಕ ಪರಂಪರೆಯ ಅಧ್ಯಯನಕಾರರಿಗೆ ಹೊಸದಲ್ಲ. ಆದರೆ ಇಲ್ಲಿನ ಪಾಠಾಂತರದ ಫಲವನ್ನು ಉಣ್ಣಬೇಕಾದವನು ರೋಗಿ.

ಈ ತೊಡಕಿಗೆ ಉಪಾಯ ದೊರೆತದ್ದು ಯುದ್ಧದ ತಂತ್ರಜ್ಞಾನದಿಂದ. ರಡಾರ್ ಪರದೆಯ ಮೇಲೆ ಮಿನುಗುವ ಚುಕ್ಕೆ ಶತ್ರುವಿಮಾನವೋ ಬರಿಯ ಗದ್ದಲವೋ ಎಂದು ನಿರ್ಧರಿಸುವ ಸಮಸ್ಯೆಯಿಂದ ಬೆಳೆದ ಸಂಕೇತ ಪತ್ತೆ ಸಿದ್ಧಾಂತವು 1954ರ ವೇಳೆಗೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಗಣಿತದ ರೂಪ ಪಡೆಯಿತು. 1960ರಿಂದ ಲೀ ಲಸ್ಟೆಡ್ ಅದನ್ನು ಕ್ಷ-ಕಿರಣ ಚಿತ್ರಗಳ ಓದಿಗೆ ಅನ್ವಯಿಸಿದ. ತಪ್ಪುಗಳು ಎರಡು ಬಗೆ: ಇರುವ ರೋಗವನ್ನು ಕಾಣದಿರುವುದು ಮತ್ತು ಇಲ್ಲದ ರೋಗವನ್ನು ಕಾಣುವುದು. ಗದ್ದಲವಿರುವ ಬಿಂಬದಲ್ಲಿ ಒಂದನ್ನು ಕಡಿಮೆ ಮಾಡಹೊರಟರೆ ಇನ್ನೊಂದು ಹೆಚ್ಚುತ್ತದೆ. ಎಲ್ಲಿ ಗೆರೆ ಎಳೆಯಬೇಕೆಂಬುದನ್ನು ಭೌತವಿಜ್ಞಾನ ಹೇಳಲಾರದು. ಯಾವ ತಪ್ಪಿಗೆ ಹೆಚ್ಚು ಹೆದರಬೇಕೆಂಬ ಮೌಲ್ಯನಿರ್ಣಯವೇ ಅದನ್ನು ಹೇಳಬೇಕು.

ಸಂಕೇತ ಬಲವಾಗಿದ್ದರೂ ಕಾಣ್ಕೆ ಖಚಿತವಲ್ಲವೆಂಬುದನ್ನು 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಶ್ವಾಸಕೋಶದ ಸಿಟಿ ಬಿಂಬಗಳಲ್ಲಿ ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾದ ಚಿತ್ರವನ್ನು ಸೇರಿಸಿ 24 ವಿಕಿರಣಶಾಸ್ತ್ರಜ್ಞರಿಗೆ ಗಂಟುಗಳನ್ನು ಹುಡುಕಲು ಹೇಳಲಾಯಿತು. 20 ಮಂದಿ ಗೊರಿಲ್ಲಾವನ್ನು ಗಮನಿಸಲಿಲ್ಲ. ಬ್ಲಾಂಡ್ಲೊ ಇಲ್ಲದ್ದನ್ನು ಕಂಡ. ಇವರು ಇದ್ದುದನ್ನು ಕಾಣಲಿಲ್ಲ. ಎರಡೂ ನಿರೀಕ್ಷೆಯ ಮಹಿಮೆಯೇ.

5. ಲಂಡನ್ ಮತ್ತು ಬೆಂಗಳೂರು

ಗದ್ದಲವನ್ನು ಲೆಕ್ಕದ ಮೂಲಕ ಪಳಗಿಸುವ ಯತ್ನದ ಮಹತ್ವದ ಘಟ್ಟ ಸಿಟಿ ಸ್ಕ್ಯಾನರ್. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿ ರಡಾರ್ ಕಲಿತು ಕಲಿಸಿದ್ದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಇಎಂಐ ಸಂಸ್ಥೆಯಲ್ಲಿ ನಡೆಸಿದ ಮೊದಲ ಪ್ರಯೋಗದಲ್ಲಿ ಗಾಮಾ ಕಿರಣಗಳ ದುರ್ಬಲ ಮೂಲವನ್ನು ಬಳಸಿದ್ದರಿಂದ ಸಾಕಷ್ಟು ಕಣಗಳನ್ನು ಎಣಿಸಲು 9 ದಿನಗಳೇ ಬೇಕಾದವು. ಕ್ಷ-ಕಿರಣ ನಳಿಕೆಗೆ ಬದಲಾಯಿಸಿದಾಗ ಅದು 9 ಗಂಟೆಗೆ ಇಳಿಯಿತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳಿನ ಬಿಂಬ ದೊರೆಯಿತು. ಪ್ರತಿ ಬಿಂಬವೂ 80 ಅಡ್ಡಸಾಲು, 80 ಕಂಬಸಾಲುಗಳ ಚೌಕಗಳಿಂದ ಕೂಡಿತ್ತು. ಹೌನ್ಸ್‌ಫೀಲ್ಡ್ 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ.

ಇದೇ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕೆಯಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಹಲವು ಕೋನಗಳಿಂದ ಪಡೆದ ನೆರಳುಚಿತ್ರಗಳಿಂದ ವಸ್ತುವಿನ ಒಳರೂಪವನ್ನು ಮರುನಿರ್ಮಿಸಲು ಫೂರಿಯೇ ರೂಪಾಂತರದ ಬದಲಿಗೆ ನೇರವಾದ ಸರಳ ಗಣನೆ ಸಾಕೆಂದು ಅವರು ತೋರಿಸಿದರು. ಅವರ ಹೆಸರಿನ ಮೊದಲಕ್ಷರಗಳಿಂದ ‘ರಾಮ್-ಲಾಕ್’ ಎಂದು ಕರೆಯಲಾಗುವ ಗಣಿತದ ಜರಡಿ ಇಂದಿಗೂ ಸಿಟಿ ಪಠ್ಯಪುಸ್ತಕಗಳಲ್ಲಿ ಮೊದಲ ಪಾಠವಾಗಿದೆ. ಕರ್ನಾಟಕದ ನೆಲದಿಂದ ಜಾಗತಿಕ ವೈದ್ಯಕೀಯಕ್ಕೆ ಸಂದ ಈ ಕೊಡುಗೆ, ಕೊಲಾಜನ್ ಮತ್ತು ಪ್ರೋಟೀನುಗಳ ಕುರಿತ ರಾಮಚಂದ್ರನ್ನರ ಕೀರ್ತಿಯ ನೆರಳಿನಲ್ಲಿ ಸಾರ್ವಜನಿಕ ಸ್ಮರಣೆಯಿಂದ ದೂರ ಉಳಿದಿದೆ.

ಈ ಜರಡಿಯ ಗುಣವೇ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು. ಅದು ಮಸುಕನ್ನು ತೊಡೆದು ಸೂಕ್ಷ್ಮ ವಿವರಗಳನ್ನು ಎತ್ತಿಹಿಡಿಯುತ್ತದೆ. ಆಕಸ್ಮಿಕ ಏರಿಳಿತವೂ ಸೂಕ್ಷ್ಮವಾಗಿರುವುದರಿಂದ ಅದನ್ನೂ ಎತ್ತಿಹಿಡಿಯುತ್ತದೆ. ಆದ್ದರಿಂದ 1974ರಲ್ಲಿ ಷೆಪ್ ಮತ್ತು ಲೋಗನ್ ಅದರ ತೀಕ್ಷ್ಣತೆಯನ್ನು ತುಸು ತಗ್ಗಿಸಿದ ಇನ್ನೊಂದು ಜರಡಿಯನ್ನು ಸೂಚಿಸಿದರು. ಮೊನಚು ಬೇಕಾದರೆ ಗದ್ದಲವನ್ನು ಸಹಿಸಬೇಕು; ನಯ ಬೇಕಾದರೆ ವಿವರವನ್ನು ಬಿಡಬೇಕು; ಎರಡೂ ಬೇಕಾದರೆ ರೋಗಿಗೆ ಹೆಚ್ಚು ವಿಕಿರಣ ಕೊಡಬೇಕು.

ಮೂರನೆಯ ದಾರಿ ಸುಲಭವಾದುದರಿಂದ ಅದೇ ರೂಢಿಯಾಯಿತು. ಸಮಂಜಸವಾಗಿ ಸಾಧ್ಯವಾದಷ್ಟು ಕಡಿಮೆ ವಿಕಿರಣವೆಂಬ ತತ್ತ್ವವನ್ನು ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 1977ರ ಶಿಫಾರಸುಗಳಲ್ಲಿ ಒತ್ತಿಹೇಳಿದ್ದರೂ, 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನಗಳು ಮಕ್ಕಳ ಸಿಟಿ ಪರೀಕ್ಷೆಗಳಲ್ಲಿ ವಯಸ್ಕರ ಪ್ರಮಾಣವನ್ನೇ ಬಳಸಲಾಗುತ್ತಿದ್ದುದನ್ನು ಬಯಲಿಗೆಳೆದವು. ಚಿಕ್ಕ ದೇಹವು ಕಿರಣಗಳನ್ನು ಕಡಿಮೆ ತಡೆಯುವುದರಿಂದ ಅಷ್ಟೊಂದು ವಿಕಿರಣ ಅಗತ್ಯವೇ ಇರಲಿಲ್ಲ. ಚಿತ್ರಗಳು ಸುಂದರವಾಗಿ ಬಂದದ್ದರಿಂದಲೇ ಯಾರೂ ಪ್ರಶ್ನಿಸಲಿಲ್ಲವೆಂಬುದು ಗಮನಾರ್ಹ. ವಿಕಿರಣ ಕಡಿಮೆಯಾದರೆ ಬಿಂಬ ಕೆಡುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ವಿಕಿರಣ ಹೆಚ್ಚಾದರೆ ಬಿಂಬ ಚೆನ್ನಾಗುತ್ತದೆ, ಹಾನಿ ಮಾತ್ರ ಕಾಣುವುದಿಲ್ಲ. 2008ರಲ್ಲಿ ಆರಂಭವಾದ ‘ಇಮೇಜ್ ಜೆಂಟ್ಲಿ’ ಅಭಿಯಾನವು ಈ ಅರಿವಿನ ಫಲ.

ಗದ್ದಲವನ್ನು ತಿಳಿದೇ ಒಪ್ಪಿಕೊಳ್ಳುವುದರ ಫಲವನ್ನು 2011ರಲ್ಲಿ ವರದಿಯಾದ ಅಮೆರಿಕದ ರಾಷ್ಟ್ರೀಯ ಶ್ವಾಸಕೋಶ ತಪಾಸಣಾ ಪ್ರಯೋಗ ತೋರಿಸಿತು. ಧೂಮಪಾನದ ಹಿನ್ನೆಲೆಯುಳ್ಳ 53,454 ಮಂದಿ ಪಾಲ್ಗೊಂಡಿದ್ದ ಇದರಲ್ಲಿ, ಸಾಧಾರಣ ಎದೆಯ ಕ್ಷ-ಕಿರಣಕ್ಕೆ ಹೋಲಿಸಿದರೆ ಅಲ್ಪವಿಕಿರಣದ, ಹೆಚ್ಚು ಗದ್ದಲದ ಸಿಟಿಯು ಶ್ವಾಸಕೋಶದ ಅರ್ಬುದದಿಂದಾಗುವ ಮರಣಗಳನ್ನು ಶೇಕಡಾ 20ರಷ್ಟು ತಗ್ಗಿಸಿತು. ಆದರೆ ಅನುಮಾನ ಹುಟ್ಟಿಸಿದ ಬಿಂಬಗಳಲ್ಲಿ ಶೇಕಡಾ 96ರಷ್ಟು ಕೊನೆಗೆ ಅರ್ಬುದವಲ್ಲವೆಂದು ತಿಳಿಯಿತು. ಉಳಿದ ಪ್ರಾಣಗಳೂ ಸುಮ್ಮನೆ ಅನುಭವಿಸಿದ ಭಯಗಳೂ ಒಂದೇ ಗೆರೆಯ ಎರಡು ಬದಿಗಳು.

6. ಕಾಲದ ಬೆಲೆ

ಎಲ್ಲ ಬಿಂಬಗಳೂ ವಿಕಿರಣದಲ್ಲೇ ಬೆಲೆ ಕೇಳುವುದಿಲ್ಲ. 1973ರಲ್ಲಿ ಪಾಲ್ ಲೌಟರ್ಬರ್ ನೀರು ತುಂಬಿದ ಎರಡು ಸಣ್ಣ ನಳಿಕೆಗಳ ಬಿಂಬದೊಡನೆ ಆರಂಭಿಸಿದ ಎಂಆರ್‌ಐ ವಿಧಾನದಲ್ಲಿ ಹಾನಿಕಾರಕ ಕಿರಣಗಳಿಲ್ಲ. ಆದರೆ ಅದರ ಸಂಕೇತ ಅತಿ ಕ್ಷೀಣ. ದೇಹದ ಮತ್ತು ತಂತಿಸುರುಳಿಯ ಶಾಖದಿಂದಲೇ ಹುಟ್ಟುವ ಗದ್ದಲ ಅದರೊಡನೆ ಸ್ಪರ್ಧಿಸುತ್ತದೆ. ಶಾಖಜನ್ಯ ಗದ್ದಲದ ನಿಯಮವನ್ನು ಬೆಲ್ ಪ್ರಯೋಗಾಲಯದ ಜಾನ್ಸನ್ ಮತ್ತು ನೈಕ್ವಿಸ್ಟ್ 1928ರಲ್ಲೇ ವಿವರಿಸಿದ್ದರು. ಇಲ್ಲಿ ಉಪಾಯವೆಂದರೆ ಅದೇ ಅಳತೆಯನ್ನು ಮತ್ತೆ ಮತ್ತೆ ತೆಗೆದು ಸರಾಸರಿ ಮಾಡುವುದು. ಅಲ್ಲಿಯೂ ವರ್ಗಮೂಲದ ನಿಯಮವೇ: ಅನುಪಾತ ಇಮ್ಮಡಿಯಾಗಲು ನಾಲ್ಕು ಪಟ್ಟು ಕಾಲ ಬೇಕು. ಅಷ್ಟು ಹೊತ್ತು ರೋಗಿ ಇಕ್ಕಟ್ಟಾದ ಸುರಂಗದಲ್ಲಿ ಅಲುಗದೆ ಮಲಗಬೇಕು.

ಬೆಳಕನ್ನೇ ಬಳಸುವ ದೃಗ್ಬಿಂಬ ವಿಧಾನಗಳಲ್ಲಿ ಕಣ್ಣಿನ ಸುರಕ್ಷತೆಯೇ ಮಿತಿ. ಅಕ್ಷಿಪಟದ ಪದರಗಳನ್ನು ತೋರಿಸುವ ಓಸಿಟಿ ವಿಧಾನ 1991ರಲ್ಲಿ ಪ್ರಕಟವಾಯಿತು. ಬೆಳಕನ್ನು ಹೆಚ್ಚಿಸಿದರೆ ಕಣ್ಣಿಗೇ ಅಪಾಯ. 2003ರಲ್ಲಿ ಮೂರು ಸಂಶೋಧನಾ ತಂಡಗಳು, ಹಿಂದಿರುಗಿದ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಏಕಕಾಲಕ್ಕೆ ಅಳೆದರೆ ಅಷ್ಟೇ ಬೆಳಕಿನಿಂದ 100 ಪಟ್ಟಿಗೂ ಮಿಕ್ಕಿದ ಸೂಕ್ಷ್ಮತೆ ಸಾಧ್ಯವೆಂದು ಪ್ರತ್ಯೇಕವಾಗಿ ತೋರಿಸಿದವು. ಪೋಲಾಗುತ್ತಿದ್ದ ಫೋಟಾನುಗಳನ್ನು ಎಣಿಕೆಗೆ ತಂದುಕೊಂಡದ್ದೇ ಈ ಲಾಭದ ಗುಟ್ಟು. ಬೆಲೆಯನ್ನು ರೋಗಿಯ ಮೇಲೆ ಹೇರದೆ ಅನುಪಾತವನ್ನು ಸುಧಾರಿಸಿದ ಶ್ರೇಷ್ಠ ನಿದರ್ಶನವಿದು.

ಗದ್ದಲವೆಂದು ಕರೆಯಲಾದುದೆಲ್ಲ ಜೊಳ್ಳಲ್ಲವೆಂಬುದನ್ನೂ ಈ ಚರಿತ್ರೆ ಕಲಿಸುತ್ತದೆ. ಮೆದುಳಿನ ಎಂಆರ್‌ಐನಲ್ಲಿ ರೋಗಿ ಏನನ್ನೂ ಮಾಡದೆ ಮಲಗಿದ್ದಾಗ ಕಾಣುವ ನಿಧಾನಗತಿಯ ಏರಿಳಿತಗಳನ್ನು ತೊಡೆದುಹಾಕಬೇಕಾದ ಗದ್ದಲವೆಂದು ಎಣಿಸಲಾಗುತ್ತಿತ್ತು. 1995ರಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು, ಮೆದುಳಿನ ಎಡಬಲ ಚಲನಾ ಪ್ರದೇಶಗಳಲ್ಲಿ ಈ ಏರಿಳಿತಗಳು ಒಂದರೊಡನೊಂದು ತಾಳ ಹಾಕುತ್ತವೆಂದು ತೋರಿಸಿದರು. ವಿಶ್ರಾಂತ ಮೆದುಳಿನ ಅಧ್ಯಯನವೆಂಬ ಹೊಸ ಕ್ಷೇತ್ರವೇ ಅಲ್ಲಿಂದ ಬೆಳೆಯಿತು. ಪಾಠಾಂತರಗಳನ್ನು ಮೂಲಪಠ್ಯದ ದೋಷಗಳೆಂದು ತೊಡೆಯುತ್ತಿದ್ದ ಸಂಪಾದಕರ ಕಾಲ ಕಳೆದು, ಅವುಗಳೇ ಜೀವಂತ ಪರಂಪರೆಯ ಸಾಕ್ಷ್ಯಗಳೆಂದು ಜಾನಪದ ಅಧ್ಯಯನ ಮನಗಂಡ ಕ್ರಮವನ್ನು ಇದು ನೆನಪಿಸುತ್ತದೆ. ಯಾವುದು ಸಂಕೇತವೆಂಬುದನ್ನು ಕೇಳುವ ಪ್ರಶ್ನೆ ನಿರ್ಧರಿಸುತ್ತದೆ.

7. ಗದ್ದಲದ ಪ್ರಾಮಾಣಿಕತೆ

2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಆಳಕಲಿಕೆಯ ಗಣಕವಿಧಾನದಿಂದ ಸಿಟಿ ಬಿಂಬಗಳನ್ನು ಮರುನಿರ್ಮಿಸುವ ವ್ಯವಸ್ಥೆಗಳಿಗೆ ಒಪ್ಪಿಗೆ ನೀಡಿತು. 2021ರಲ್ಲಿ ಫೋಟಾನುಗಳನ್ನು ಒಂದೊಂದಾಗಿ ಎಣಿಸುವ ಸಿಟಿ ಯಂತ್ರಕ್ಕೂ ಒಪ್ಪಿಗೆ ದೊರೆಯಿತು. ಎರಡೂ ಅಲ್ಪ ವಿಕಿರಣದಿಂದ ಉತ್ತಮ ಬಿಂಬ ಪಡೆಯುವ ದಾರಿಗಳೇ ಆದರೂ ಅವುಗಳ ಸ್ವಭಾವ ಬೇರೆ. ಎರಡನೆಯದು ಎಣಿಕೆಯನ್ನು ಶುದ್ಧಗೊಳಿಸುತ್ತದೆ. ಮೊದಲನೆಯದು ತಾನು ಹಿಂದೆ ಕಂಡ ಸಾವಿರಾರು ಬಿಂಬಗಳ ನೆನಪಿನಿಂದ, ಇಲ್ಲಿ ಏನಿರಬೇಕೆಂದು ಊಹಿಸಿ ಗದ್ದಲವನ್ನು ಅಳಿಸುತ್ತದೆ. ಇಂತಹ ವಿಧಾನಗಳಲ್ಲಿ ಮೂಲದ ಅತ್ಯಲ್ಪ ವ್ಯತ್ಯಾಸವೂ ಬಿಂಬದಲ್ಲಿ ದೊಡ್ಡ ವಿಕೃತಿಯಾಗಬಹುದು, ಸಣ್ಣ ರಚನೆಯೊಂದು ಕಾಣೆಯಾಗಬಹುದು ಎಂದು 2020ರಲ್ಲಿ ಪ್ರಕಟವಾದ ಗಣಿತಜ್ಞರ ಅಧ್ಯಯನ ಎಚ್ಚರಿಸಿದೆ. ನಿರೀಕ್ಷೆಯ ಕಣ್ಣು ಈಗ ಯಂತ್ರದೊಳಗೂ ಕುಳಿತಿದೆ.

ಹಳೆಯ ಫಿಲ್ಮಿನ ಮರಳುಮರಳಾದ ಮೇಲ್ಮೈ ವೈದ್ಯನಿಗೆ ಒಂದು ಮಾತನ್ನು ತಪ್ಪದೆ ಹೇಳುತ್ತಿತ್ತು: ಇಲ್ಲಿ ಎಣಿಸಿದ್ದು ಕಡಿಮೆ, ಹೆಚ್ಚು ನಂಬಬೇಡ. ಆ ಅರ್ಥದಲ್ಲಿ ಗದ್ದಲವು ಬಿಂಬದ ಪ್ರಾಮಾಣಿಕತೆಯ ಗುರುತಾಗಿತ್ತು. ಎಣಿಕೆ ಅಷ್ಟೇ ಉಳಿದು ಮೇಲ್ಮೈ ಮಾತ್ರ ನಯವಾದರೆ ಆ ಎಚ್ಚರಿಕೆಯ ದನಿ ಅಡಗುತ್ತದೆ. ಡ್ಯಾಲಿಯ ಕೈಗಳಿಂದ ಮಕ್ಕಳ ಸಿಟಿಯವರೆಗೆ ಸ್ಪಷ್ಟತೆಯ ಬೆಲೆಯನ್ನು ತೆತ್ತದ್ದು ದೇಹ. ವಿಕಿರಣದ ಹೊರೆ ಇಳಿಯುತ್ತಿರುವುದು ನಿಸ್ಸಂದೇಹವಾಗಿ ಸ್ವಾಗತಾರ್ಹ. ಆದರೆ ಉಳಿದ ಅನಿಶ್ಚಿತತೆ ಎಷ್ಟೆಂಬುದನ್ನು ಬಿಂಬದ ಜೊತೆಗೇ ತೋರಿಸುವ ಹೊಣೆಯೂ ಅದರೊಡನೆ ಬರುತ್ತದೆ. ಕೇರಿದ ಮೊರದಲ್ಲಿ ಕಾಳೆಷ್ಟು ಉಳಿಯಿತೆಂಬುದರ ಜೊತೆಗೆ, ಜೊಳ್ಳಿನೊಡನೆ ಎಷ್ಟು ಕಾಳು ಹಾರಿಹೋಯಿತೆಂಬುದನ್ನೂ ಕೇಳುವವರು ಇರಬೇಕು.